ಎರಡು ಮಳೆಗಾಲ ಕಂಡ ಬಟ್ಟೆ ನ್ಯಾಪಿಗಳು

ನಮ್ಮ ಮಗಳು ಹುಟ್ಟಿದ್ದು ಫೆಬ್ರವರಿಯಲ್ಲಿ. ಆಗ ಬೆಳಿಗ್ಗೆ ಒಗೆದು ಅಂಗಳದ ತಂತಿಗೆ ಹಾಕಿದ ಬಟ್ಟೆ ಮಧ್ಯಾಹ್ನದ ಊಟದ ಹೊತ್ತಿಗೆ ಗರಿಗರಿಯಾಗಿ ಒಣಗುತ್ತಿದ್ದುದರಿಂದ, ಒಮ್ಮೆ ಬಳಸಿ ಎಸೆಯುವ ಡೈಪರ್‌ ಬೇಡ, ಒಗೆದು ಬಳಸುವ ಬಟ್ಟೆ ನ್ಯಾಪಿಯೇ ಸಾಕು ಎಂದು ತೀರ್ಮಾನಿಸುವುದು ನಮಗೆ ಕಷ್ಟವಾಗಲಿಲ್ಲ. ಆದರೆ ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಯತ್ತ ಹೋಗುವ ದಾರಿಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸುರಿಯುವ ಮಳೆ ಸರಾಸರಿ 7,000 ಮಿಲಿಮೀಟರಿನ ಆಸುಪಾಸು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಬೀಳುತ್ತದೆ. ಇಂಥ ಕಡೆ ನ್ಯಾಪಿಯ ಗುಣವನ್ನು ಅದು ಎಷ್ಟು ಹೀರುತ್ತದೆ ಎಂಬುದರಿಂದ ಅಳೆಯುವುದಕ್ಕಿಂತ ಎಷ್ಟು ಬೇಗ ಒಣಗುತ್ತದೆ ಎಂಬುದರಿಂದ ಅಳೆಯಬೇಕು ಎನ್ನುವುದು ಹದಿನೆಂಟು ತಿಂಗಳ, ಅಂದರೆ ಎರಡು ಮಳೆಗಾಲಗಳ ಬಳಕೆಯಿಂದ ನಾನು ಕಂಡುಕೊಂಡ ಮಾತು.

ಮೊದಲು ನಾವು ತರಿಸಿದ್ದು ಒಂದಕ್ಕೆ 380 ರೂಪಾಯಿಯಂತೆ ಹನ್ನೆರಡು ಜೇಬಿನ ನ್ಯಾಪಿಗಳನ್ನು. ಇದರ ಹೊರಪದರ ಪಾಲಿಯುರೆಥೇನ್ ಲೇಪವಿರುವ ಪಾಲಿಯೆಸ್ಟರ್ ಬಟ್ಟೆ, ಒಳಪದರ ಮೆತ್ತನೆಯದು, ಇವೆರಡರ ನಡುವಿನ ಜೇಬಿನೊಳಗೆ ಮೈಕ್ರೋಫೈಬರಿನ ದಪ್ಪ ಪಟ್ಟಿಯೊಂದನ್ನು ತೂರಿಸಬೇಕು. ಮುಂಭಾಗದ ಒತ್ತುಗುಂಡಿಗಳಿಂದ ಅಳತೆ ಹಿಗ್ಗಿಸಬಹುದಾದ್ದರಿಂದ ಮೂರನೆಯ ತಿಂಗಳಲ್ಲಿ ಹಾಕಿದ್ದನ್ನೇ ಮಗು ಓಡಾಡುವಾಗಲೂ ಹಾಕುತ್ತಿದ್ದೇವೆ. ಹೊಲಿಗೆ ಗಟ್ಟಿಯಾಗಿದೆ, ಬಣ್ಣ ಮಾಸಿಲ್ಲ. ಬೇಸಿಗೆಯ ಮಟ್ಟಿಗೆ ಇದರಲ್ಲಿ ಹೇಳಿಕೊಳ್ಳುವಂಥ ದೋಷವಿಲ್ಲ, ಒಂದನ್ನು ಬಿಟ್ಟು: ಮೊದಲ ಎರಡು ವಾರ ಪ್ರತಿ ನ್ಯಾಪಿಯೂ ಸೋರಿತು. ಹೊಸ ಪಟ್ಟಿಗಳನ್ನು ಬಳಸುವ ಮೊದಲು ಒಗೆದರೆ ಅವು ಚೆನ್ನಾಗಿ ಹೀರುತ್ತವೆ ಎಂಬುದು ನಮಗೆ ತಿಳಿದಿರಲಿಲ್ಲ. ಅಲ್ಲದೆ ಬಟ್ಟೆ ಮೃದುವಾಗಲೆಂದು ಹಾಕುತ್ತಿದ್ದ ಕಂಡಿಷನರ್ ನೂಲಿನ ಮೇಲೆ ಜಿಡ್ಡಿನಂತೆ ಕುಳಿತು ಹೀರುವ ಶಕ್ತಿಯನ್ನು ಕುಗ್ಗಿಸುತ್ತಿತ್ತು. ಅದನ್ನು ನಿಲ್ಲಿಸಿ, ಸಾಬೂನು ಪುಡಿಯನ್ನು ಕಡಿಮೆ ಮಾಡಿ, ಇನ್ನೆರಡು ನೀರಿನಲ್ಲಿ ಹೆಚ್ಚಾಗಿ ಜಾಲಿಸಿದ ಮೇಲೆ ಸೋರುವುದು ನಿಂತಿತು.

ಪುನರ್ವಸು ಮಳೆ ಹಿಡಿದ ವಾರ ಎಲ್ಲವೂ ಬದಲಾಯಿತು. ಹೊರಗವಚ ಒಂದು ರಾತ್ರಿಯಲ್ಲಿ ಒಣಗುತ್ತಿತ್ತು, ಆದರೆ ಒಳಗಿನ ದಪ್ಪ ಪಟ್ಟಿ ಮೂರು ದಿನವಾದರೂ ನಡುಭಾಗದಲ್ಲಿ ತಣ್ಣಗೇ ಇರುತ್ತಿತ್ತು. ನಾಲ್ಕನೆಯ ದಿನ ಅದರಿಂದ ಮುಗ್ಗಲು ವಾಸನೆ ಏಳುತ್ತಿತ್ತು. ಅರೆಒಣಗಿದ್ದನ್ನೇ ಹಾಕಿದ ಒಂದು ದಿನ ಮಗುವಿನ ತೊಡೆಸಂದಿಯಲ್ಲಿ ಕೆಂಪು ಗುಳ್ಳೆಗಳೆದ್ದವು. ಆ ತಪ್ಪನ್ನು ಮತ್ತೆ ಮಾಡಲಿಲ್ಲ. ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿ ನೋಡಿದೆವು. ಲೇಪವಿರುವ ಹೊರಗವಚವನ್ನು ಬೆಂಕಿಯ ಹತ್ತಿರ ತರುವಂತಿಲ್ಲ, ಕುದಿನೀರಿಗೂ ಹಾಕುವಂತಿಲ್ಲ, ಲೇಪ ಸುಲಿದುಹೋಗುತ್ತದೆ. ಹಂಡೆಯ ಬಿಸಿನೀರಿನಲ್ಲಿ ಅದ್ದಿ ತೆಗೆಯದ ಬಟ್ಟೆ ಮಗುವಿಗೆ ತಕ್ಕುದಲ್ಲ ಎಂದು ನಂಬಿರುವ ನಮ್ಮ ಅತ್ತೆಯವರಿಗೆ ಇದು ಸಮಾಧಾನ ತರಲಿಲ್ಲ.

ದಾರಿ ತೋರಿಸಿದವರೂ ಅವರೇ. “ದಪ್ಪ ಇರೋದಕ್ಕೇ ಒಣಗ್ತಾ ಇಲ್ಲ. ನಿನ್ನ ಮಾವನ ಹಳೇ ಪಂಚೆ ಹರಿದುಕೊಡ್ತೀನಿ, ಮಡಚಿ ಹಾಕಿ ನೋಡು” ಎಂದರು. ಮೂರು ಹಳೆಯ ಪಂಚೆಗಳಿಂದ ಹದಿನೆಂಟು ಚೌಕ ತುಂಡುಗಳಾದವು. ಹಾಕುವಾಗ ಎಂಟು ಮಡಿಕೆಯಾಗುವ ಈ ತುಂಡು ಒಗೆದ ಮೇಲೆ ಗಳದ ಮೇಲೆ ಪೂರ್ತಿ ಬಿಚ್ಚಿಕೊಂಡು ಒಂದೇ ಪದರವಾಗಿ ಹರಡಿಕೊಳ್ಳುವುದರಿಂದ, ಒಲೆಯ ಕಾವಿನಲ್ಲಿ ರಾತ್ರಿ ಹಾಕಿದ್ದು ಬೆಳಗಿನ ಕಾಫಿಯ ಹೊತ್ತಿಗೆ ಒಣಗಿರುತ್ತಿತ್ತು. ಅಪ್ಪಟ ಹತ್ತಿಯಾದ್ದರಿಂದ ಕುದಿಸಬಹುದು, ಅಂಟುವಾಳದ ನೊರೆಯಲ್ಲಿ ತೊಳೆಯಬಹುದು, ಮಗುವಿನ ಮೈಗೆ ನೇರವಾಗಿ ತಾಗಿದರೂ ಅಡ್ಡಿಯಿಲ್ಲ. ಮೈಕ್ರೋಫೈಬರಿಗೆ ಈ ಕೊನೆಯ ಗುಣವಿಲ್ಲ, ಅದು ಚರ್ಮದ ಪಸೆಯನ್ನೂ ಎಳೆದುಕೊಳ್ಳುತ್ತದೆ. ಆಮೇಲೆ ಜೇಬಿಲ್ಲದ, ಒಂದೇ ಪದರದ ನಾಲ್ಕು ಹೊರಗವಚಗಳನ್ನು ತಲಾ 250 ರೂಪಾಯಿಗೆ ಕೊಂಡು, ಅವುಗಳೊಳಗೆ ಪಂಚೆಯ ತುಂಡನ್ನು ಇಟ್ಟು ಬಳಸತೊಡಗಿದೆವು. ನಾನು ಮಲೆನಾಡಿನವರಿಗೆ ಮನಃಪೂರ್ವಕವಾಗಿ ಹೇಳುವ ಜೋಡಿ ಇದು. ಕೊರತೆಯೆಂದರೆ ಎರಡು ಗಂಟೆಗೊಮ್ಮೆ ಬದಲಿಸಲೇಬೇಕು ಮತ್ತು ಹೊಗೆಯ ವಾಸನೆ ಬಟ್ಟೆಗೆ ಸ್ವಲ್ಪ ಹಿಡಿಯುತ್ತದೆ.

ರಾತ್ರಿಗೆ ಮತ್ತು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗುವ ದಿನಗಳಿಗೆ ಎಸೆಯುವ ಡೈಪರನ್ನೇ ಬಳಸಿದೆವು, ಅದನ್ನು ಮುಚ್ಚಿಡುವುದಿಲ್ಲ. ಹಗಲೂ ರಾತ್ರಿ ಅದನ್ನೇ ಬಳಸಿದ್ದರೆ ದಿನಕ್ಕೆ ಐದರಂತೆ ಹದಿನೆಂಟು ತಿಂಗಳಿಗೆ ಸುಮಾರು 2,700 ಆಗುತ್ತಿದ್ದವು. ನಾವು ಬಳಸಿದ್ದು 600ರೊಳಗೆ. ಒಂದಕ್ಕೆ 10 ರೂಪಾಯಿಯೆಂದರೂ ಉಳಿದದ್ದು 21,000 ರೂಪಾಯಿ, ಬಟ್ಟೆ ನ್ಯಾಪಿಗೆ ಹಾಕಿದ್ದು 5,560. ಒಗೆಯುವ ದುಡಿಮೆ ಈ ಲೆಕ್ಕದಲ್ಲಿ ಸೇರಿಲ್ಲ. ಬೆಳಗಿನ ಒಗೆತವನ್ನು ನನ್ನ ಯಜಮಾನರು ವಹಿಸಿಕೊಳ್ಳದೆ ಇದ್ದಿದ್ದರೆ ಬಾಣಂತಿತನದಲ್ಲಿಯೇ ನಾನು ಇದನ್ನು ಕೈಬಿಡುತ್ತಿದ್ದೆ.

ಬಟ್ಟೆಯದು ಪರಿಸರಕ್ಕೆ ನಿಜವಾಗಿಯೂ ಹಗುರವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಬ್ರಿಟನ್ನಿನ ಪರಿಸರ ಸಂಸ್ಥೆಯು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂವರೆ ವರ್ಷಕ್ಕೆ ಎಸೆಯುವ ಡೈಪರಿನಿಂದ ಸುಮಾರು 550 ಕಿಲೋಗ್ರಾಂ, ಬಟ್ಟೆ ನ್ಯಾಪಿಯಿಂದ ಸುಮಾರು 570 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ ಎಂಬ ಲೆಕ್ಕ ಬಂತು. ಆದರೆ ಯಂತ್ರದಲ್ಲಿ ಒಣಗಿಸದೆ ಹೊರಗೆ ತಂತಿಯ ಮೇಲೆ ಒಣಗಿಸಿ, ಯಂತ್ರ ತುಂಬುವಷ್ಟು ಬಟ್ಟೆಯನ್ನು ಒಟ್ಟಿಗೆ ಒಗೆದು, ಎರಡನೆಯ ಮಗುವಿಗೂ ಅದನ್ನೇ ಬಳಸಿದರೆ ಬಟ್ಟೆಯ ಪಾಲು ಶೇಕಡ 40ರಷ್ಟು ಇಳಿಯುತ್ತದೆ ಎಂದೂ ಅದೇ ಅಧ್ಯಯನ ಹೇಳಿತು. ಸ್ನಾನದ ನೀರಿಗಾಗಿ ಹೇಗೂ ಉರಿಯುವ ಒಲೆಯ ಕಾವನ್ನೇ ನಾವು ಬಳಸಿದ್ದು.

ಇನ್ನು ಕಸದ ಮಾತು. ಹಳ್ಳಿಮನೆಯಲ್ಲಿ ಹಸಿಕಸ ಗೊಬ್ಬರಗುಂಡಿಗೆ, ಪ್ಲಾಸ್ಟಿಕ್ಕು ಮತ್ತು ರಟ್ಟು ಪಂಚಾಯಿತಿಯ ಗಾಡಿಗೆ ಎಂದು ಎರಡೇ ದಾರಿ. ಬಳಸಿದ ಡೈಪರ್ ಎರಡಕ್ಕೂ ಸೇರುವುದಿಲ್ಲ. ಮರದ ತಿರುಳು, ನೀರು ಕುಡಿದು ಲೋಳೆಯಾಗುವ ಸೋಡಿಯಂ ಪಾಲಿಅಕ್ರಿಲೇಟ್ ಹರಳುಗಳು, ಪಾಲಿಥೀನ್ ಹಾಳೆ, ಎಲಾಸ್ಟಿಕ್ಕು, ಅಂಟು ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಮರುಬಳಕೆಗೆ ಬೇರ್ಪಡಿಸಲು ಸಾಮಾನ್ಯ ಒಣಕಸ ಘಟಕಗಳಲ್ಲಿ ಆಗದು. ಗೊಬ್ಬರಗುಂಡಿಗೆ ಹಾಕಿದರೆ ತಿರುಳು ಕೊಳೆತು, ಹಾಳೆ ಹಾಗೆಯೇ ಉಳಿದು, ಮುಂದಿನ ವರ್ಷ ಅಡಿಕೆ ಮರದ ಬುಡದಲ್ಲಿ ಕಾಣಿಸಿಕೊಳ್ಳುತ್ತದೆ. ದರಗಿನ ಜೊತೆ ಸುಟ್ಟರೆ ವಿಷದ ಹೊಗೆ ನಮ್ಮದೇ ಜಗುಲಿಗೆ ಬರುತ್ತದೆ. ಬಚ್ಚಲ ಒಲೆಗೆ ಹಾಕಿದರಂತೂ ಅದರ ಬೂದಿಯೂ ತೋಟಕ್ಕೇ. ಹಳ್ಳಕ್ಕೆ ಎಸೆದರೆ ಅದು ತುಂಗೆಗೆ, ಶಿವಮೊಗ್ಗದವರು ಕುಡಿಯುವ ನೀರಿಗೆ. ತುಂಗಾಪಾನ, ಗಂಗಾಸ್ನಾನ ಎನ್ನುವ ನಾಡಿನಲ್ಲಿ ಸೇತುವೆಯ ಮೇಲಿನಿಂದ ಡೈಪರಿನ ಗಂಟನ್ನು ಕೆಳಗೆ ಬಿಡುವುದನ್ನು ಕಣ್ಣಾರೆ ಕಂಡ ದಿನ ನನಗೆ ಊಟ ಸೇರಲಿಲ್ಲ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಡೈಪರನ್ನು ತಯಾರಕರು ಕೊಡುವ ಚೀಲದಲ್ಲಿ ಅಥವಾ ಬೇರೆ ಹೊದಿಕೆಯಲ್ಲಿ ಭದ್ರವಾಗಿ ಸುತ್ತಿ ಕೊಡಬೇಕಿತ್ತು. ನಾವು ಕೊಂಡ ಪೊಟ್ಟಣಗಳಲ್ಲಿ ಅಂಥ ಚೀಲ ಒಮ್ಮೆಯೂ ಇರಲಿಲ್ಲ. ಮಲವನ್ನು ಶೌಚಾಲಯಕ್ಕೆ ಉದುರಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಗಾಡಿಯವರಿಗೆ ತಿಳಿಯುವಂತೆ ಕೆಂಪು ಗುರುತು ಹಾಕಿ ಬೇರೆಯಾಗಿಯೇ ಕೊಡುತ್ತೇವೆ. ಕಸವನ್ನು ಕೈಯಿಂದ ಬಿಡಿಸುವ ಹೆಂಗಸರಿಗೆ ಇಷ್ಟನ್ನಾದರೂ ಮಾಡಬೇಡವೇ?

ಮಳೆಗಾಲಕ್ಕೆ ಮೊದಲು ಕೊಳ್ಳುವವರು ಜೇಬಿನದನ್ನು ನಾಲ್ಕಕ್ಕಿಂತ ಹೆಚ್ಚು ತರಿಸಬೇಡಿ. ಒಂದೇ ಪದರದ ಹೊರಗವಚ ಆರು, ಹಳೆಯ ಹತ್ತಿಬಟ್ಟೆಯ ತುಂಡು ಇಪ್ಪತ್ತು ಇದ್ದರೆ ಸಾಕು. ನಮ್ಮ ಹನ್ನೆರಡರಲ್ಲಿ ಎರಡರ ಕಾಲಿನ ಎಲಾಸ್ಟಿಕ್ಕು ಈಗ ಸಡಿಲವಾಗಿದೆ, ಅವೂ ಕೊನೆಗೆ ಪ್ಲಾಸ್ಟಿಕ್ ಕಸವೇ. ಉಳಿದ ಹತ್ತನ್ನು ಒಗೆದು, ಬಿಸಿಲಿಗೆ ಒಣಗಿಸಿ, ಕಾರ್ತಿಕದಲ್ಲಿ ಹೆರಿಗೆಯಾಗಲಿರುವ ನಾದಿನಿಗೆ ಕೊಡಲು ಎತ್ತಿಟ್ಟಿದ್ದೇನೆ.