ಗೆಡ್ ಮತ್ತೆ ಸಿಕ್ಕ, ಈ ಸಲ ಆಡು ಕಾಯುತ್ತಿದ್ದ

ಪಾರ್ಸಲ್ ತಂದ ಹುಡುಗ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾ "ಏನ್ ಮೇಡಂ, ಮಿಕ್ಸಿನಾ?" ಅಂದ. ಪುಸ್ತಕ ಅಂದೆ. ನಂಬಲಿಲ್ಲ. ಅವನದೇನೂ ತಪ್ಪಿಲ್ಲ, ಅಷ್ಟು ಭಾರ ಇದೆ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಬರೆದ, ಮಾಂತ್ರಿಕರೂ ಡ್ರ್ಯಾಗನ್‌ಗಳೂ ಇರುವ ದ್ವೀಪಲೋಕ ಅರ್ಥ್‌ಸೀಯ ಕಥೆಗಳೆಲ್ಲ ಒಂದೇ ಸಂಪುಟದಲ್ಲಿ, ಚಾರ್ಲ್ಸ್ ವೆಸ್ ಬಿಡಿಸಿದ 50ಕ್ಕೂ ಹೆಚ್ಚು ಚಿತ್ರಗಳ ಜೊತೆ, ಹತ್ತಿರ ಹತ್ತಿರ 1000 ಪುಟ. ಹೆಸರು 'ದ ಬುಕ್ಸ್ ಆಫ್ ಅರ್ಥ್‌ಸೀ', 2018ರಲ್ಲಿ ಬಂದದ್ದು. ಮಾರಿದವರು ಒಂದು ತೆಳು ಪ್ಲಾಸ್ಟಿಕ್ ಕವರ್‌ನಲ್ಲಿ ಸುಮ್ನೆ ತುರುಕಿ ಕಳಿಸಿದ್ದರಿಂದ ಒಂದು ಮೂಲೆ ನಜ್ಜುಗುಜ್ಜಾಗಿ ಬಂತು. ಇಷ್ಟು ದುಡ್ಡು ತಗೊಂಡು ಒಂದು ರಟ್ಟಿನ ಡಬ್ಬಿ ಹಾಕಬಾರದಾ? ವಾಪಸ್ ಕಳಿಸೋಣ ಅಂತಲೇ ತೆರೆದೆ. ಮೊದಲ ಚಿತ್ರ ನೋಡಿದ ಮೇಲೆ ಕಳಿಸಲು ಮನಸ್ಸು ಬರಲಿಲ್ಲ.

ಇದು ಮಲಗಿಕೊಂಡು ಓದುವ ಪುಸ್ತಕ ಅಲ್ಲ. ಎದೆ ಮೇಲೆ ಇಟ್ಟುಕೊಂಡರೆ ಉಸಿರು ಕಟ್ಟುತ್ತದೆ. ಕೊನೆಗೆ ಅಟ್ಟದ ಮೇಲಿಂದ ಅಜ್ಜನ ವ್ಯಾಸಪೀಠ ಇಳಿಸಿ, ಧೂಳು ಒರೆಸಿ, ಅದರ ಮೇಲೆ ಇಟ್ಟುಕೊಂಡು ಓದಿದೆ. ಅಜ್ಜ ಅದರ ಮೇಲೆ ಕುಮಾರವ್ಯಾಸ ಭಾರತ ಇಟ್ಟುಕೊಂಡು ಓದುತ್ತಿದ್ದರು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲ ಮೂರು ಪುಸ್ತಕ ಬಂದದ್ದು 1968, 1971, 1972ರಲ್ಲಿ. ನಾನು ಓದಿದ್ದು ದಾವಣಗೆರೆಯಲ್ಲಿ ಪಿಯುಸಿ ಓದುವಾಗ. ಅಣ್ಣ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡು ತಂದಿದ್ದ, ಮೂರೂ ಸೇರಿಸಿ ಹೊಲಿದ ಒಂದು ಹಳೇ ಪ್ರತಿ, ಮುಖಪುಟ ಹರಿದದ್ದು. ಗಾಂಟ್ ಅನ್ನುವ ಬೆಟ್ಟದ ದ್ವೀಪದಲ್ಲಿ ಆಡು ಕಾಯುವ ಹುಡುಗ ಗೆಡ್, ಬೆಳೆದು ಎಲ್ಲ ಮಾಂತ್ರಿಕರಿಗೂ ಹಿರಿಯನಾಗುತ್ತಾನೆ. ಎರಡನೆಯದರಲ್ಲಿ ಟೆನಾರ್ ಬರುತ್ತಾಳೆ, ಕತ್ತಲ ಗೋರಿಗಳಿಗೆ ಪೂಜಾರಿಣಿಯಾಗಿ ಚಿಕ್ಕವಳಿದ್ದಾಗಲೇ ಮೀಸಲಾದ ಹುಡುಗಿ. ಅವಳ ಹೆಸರನ್ನೇ ಕಿತ್ತುಕೊಂಡಿರುತ್ತಾರೆ, ಗೆಡ್ ಅದನ್ನು ಅವಳಿಗೆ ವಾಪಸ್ ಕೊಡುತ್ತಾನೆ. ಅಲ್ಲಿ ಪ್ರತಿಯೊಬ್ಬರಿಗೂ ಕರೆಯುವ ಹೆಸರು ಬೇರೆ, ನಿಜವಾದ ಹೆಸರು ಬೇರೆ, ಆ ನಿಜವಾದ ಹೆಸರನ್ನು ತುಂಬಾ ನಂಬಿದವರಿಗೆ ಮಾತ್ರ ಹೇಳಬೇಕು. ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಮನೇಲಿ ಒಂದು ಹೆಸರು, ಶಾಲೆಯಲ್ಲಿ ಒಂದು ಹೆಸರು ಇಟ್ಟುಕೊಂಡೇ ಬೆಳೆದವರು ನಾವು. ನಮ್ಮಜ್ಜಿ ಸಾಯುವ ತನಕ ಅಜ್ಜನ ಹೆಸರು ಬಾಯಲ್ಲಿ ಹೇಳಲಿಲ್ಲ.

ಆಗ ನಾನು ಸಮುದ್ರವನ್ನೇ ನೋಡಿರಲಿಲ್ಲ. ನೋಡಿದ್ದ ದೊಡ್ಡ ನೀರು ಅಂದರೆ ಹಿರಿಯೂರಿನ ಹತ್ತಿರದ ಮಾರಿಕಣಿವೆ, ಅದೂ ತಳ ಕಂಡಿದ್ದ ವರ್ಷ. ಆದರೂ ಹೆಸರಿನಲ್ಲಿ ವಾಣಿವಿಲಾಸ ಸಾಗರ ಅಂತ 'ಸಾಗರ' ಇತ್ತಲ್ಲ, ನನ್ನ ಅರ್ಥ್‌ಸೀ ಅಲ್ಲೇ ಇತ್ತು. (1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ನೀರು ಹಾರಿ ಬೀಳುವುದನ್ನು ನೋಡುತ್ತಾ ನನಗೆ ನೆನಪಾದದ್ದು ಗೆಡ್‌ನ ದೋಣಿ ಲುಕ್‌ಫಾರ್.)

ಮೂರನೇ ಪುಸ್ತಕದ ಕೊನೆಗೆ ಗೆಡ್ ಲೋಕ ಉಳಿಸಲು ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡಿ ಕಲೆಸ್ಸಿನ್ ಅನ್ನುವ ಡ್ರ್ಯಾಗನ್ ಮೇಲೆ ಕುಳಿತು ಊರಿಗೆ ಹೋಗುತ್ತಾನೆ. ಆಮೇಲೆ ಏನಾದ? ಲೇಖಕಿ ಎರಡು ಮಾತು ಹೇಳಿ ಬಿಟ್ಟುಬಿಡುತ್ತಾರೆ. ಹಾಡಿನಲ್ಲಿ ಹೇಳುವ ಪ್ರಕಾರ, ಹೊಸ ರಾಜನ ಪಟ್ಟಾಭಿಷೇಕಕ್ಕೆ ಬಂದು, ಆಮೇಲೆ ಒಬ್ಬನೇ ದೋಣಿ ಹತ್ತಿ ಸಮುದ್ರಕ್ಕೆ ಹೋದ. ಗಾಂಟ್‌ನ ಜನ ಹೇಳುವ ಪ್ರಕಾರ, ಪಟ್ಟಾಭಿಷೇಕಕ್ಕೆ ಬರಲೇ ಇಲ್ಲ, ಬೆಟ್ಟದ ಕಾಡಿನಲ್ಲಿ ಉಳಿದ. ನಾನು ದೋಣಿಯದನ್ನು ಆರಿಸಿಕೊಂಡೆ. ಹದಿನೇಳು ವರ್ಷದ ಯಾರೇ ಆದರೂ ಅದನ್ನೇ ಆರಿಸುತ್ತಾರೆ.

ನಾಲ್ಕನೆಯದು 'ಟೆಹಾನು', 1990ರಲ್ಲೇ ಬಂದಿತ್ತು. ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದ ಮೇಲೆ. ಅದನ್ನು ಓದಿದ್ದ ಗೆಳತಿ "ಅದರಲ್ಲಿ ಗೆಡ್‌ಗೆ ಮಂತ್ರ ಗಿಂತ್ರ ಏನೂ ಇಲ್ಲ ಕಣೇ, ಪಾಪ" ಅಂದಳು. ಓದಲ್ಲ ಅಂತ ಅವತ್ತೇ ನಿರ್ಧಾರ ಮಾಡಿದೆ.

ಕಾರಣ ಇತ್ತು. ನಮ್ಮಪ್ಪ ಇಲ್ಲಿಯ ಒಂದು ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಕೊನೆಯ ಬಾಲ ಹಿಡಿದವರು. ನೂರಾರು ಮಗ್ಗ ಒಟ್ಟಿಗೆ ಓಡುವಾಗ ಯಾವುದರಲ್ಲಿ ಯಾವ ಭಾಗ ಸವೆದಿದೆ ಅಂತ ಬಾಗಿಲಲ್ಲಿ ನಿಂತು ಕಿವಿಯಲ್ಲೇ ಹೇಳುತ್ತಿದ್ದರು. ಮಾಂತ್ರಿಕ ಅಂದರೆ ನನಗೆ ಕಣ್ಣ ಮುಂದೆ ಬರುತ್ತಿದ್ದದ್ದು ಅವರೇ. ನಾನು ಡಿಗ್ರಿಗೆ ಸೇರಿದ ವರ್ಷ ಮಿಲ್ ಮುಚ್ಚಿತು. ಆಮೇಲೆ ಅಪ್ಪ ಆ ರಸ್ತೆಗೆ ಹೋಗುವುದನ್ನೇ ಬಿಟ್ಟರು. ಮಾರ್ಕೆಟ್‌ಗೆ ಹೋಗಬೇಕಾದರೂ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಹಳೇ ಶಿಫ್ಟಿನ ಯಾರಾದರೂ ಮನೆಗೆ ಬಂದರೆ ಹಿಂದಿನ ಬಾಗಿಲಿಂದ ಹೊರಗೆ. ಮನೇಲಿ ಅದನ್ನು ನೋಡಿದವಳಿಗೆ ಪುಸ್ತಕದಲ್ಲೂ ಅದೇ ನೋಡುವ ಧೈರ್ಯ ಇರಲಿಲ್ಲ.

ಈಗ ಓದಿದೆ. ಇಷ್ಟು ವರ್ಷ ಯಾಕೆ ಬಿಟ್ಟೆ ಅಂತ ಹೊಟ್ಟೆ ಉರಿಯುತ್ತದೆ.

'ಟೆಹಾನು' ಶುರುವಾಗುವುದು ಗೆಡ್‌ನಿಂದ ಅಲ್ಲ, ಟೆನಾರ್‌ಳಿಂದ. ಆ ಪುಟ್ಟ ಪೂಜಾರಿಣಿ ಈಗ ನಡುವಯಸ್ಸಿನ ವಿಧವೆ. ರೈತನನ್ನು ಮದುವೆಯಾಗಿ, ಇಬ್ಬರು ಮಕ್ಕಳನ್ನು ಬೆಳೆಸಿ, ಒಂಟಿಯಾಗಿ ಹೊಲಮನೆ ನೋಡಿಕೊಳ್ಳುತ್ತಿದ್ದಾಳೆ. ಸ್ವಂತ ಜನರೇ ಬೆಂಕಿಗೆ ನೂಕಿದ, ಅರ್ಧ ಮುಖ ಸುಟ್ಟುಹೋದ ಥೆರು ಅನ್ನುವ ಮಗುವನ್ನು ಸಾಕಿಕೊಂಡಿದ್ದಾಳೆ. ಒಂದು ದಿನ ಅವಳ ಮುಂದೆ ಕಲೆಸ್ಸಿನ್ ಬಂದಿಳಿಯುತ್ತದೆ, ಬೆನ್ನ ಮೇಲೆ ಜ್ಞಾನ ತಪ್ಪಿದ ಗೆಡ್. ಡ್ರ್ಯಾಗನ್ ಕಣ್ಣನ್ನು ದಿಟ್ಟಿಸಬಾರದು ಅಂತ ಗಂಡಸರಿಗೆ ಹೇಳಿರುತ್ತಾರೆ. ಟೆನಾರ್ ಹೋಗಿ ನೇರವಾಗಿ ದಿಟ್ಟಿಸುತ್ತಾಳೆ. ಆ ಎರಡು ಪುಟಕ್ಕೇ ಈ ಪುಸ್ತಕದ ದುಡ್ಡು ಬಂದುಹೋಯಿತು.

ಇನ್ನು ಗೆಡ್. ಅವನು ಎಚ್ಚರವಾದ ಮೇಲಿನ ಭಾಗ ಓದುವಾಗ ಕೈ ತಣ್ಣಗಾಯಿತು. ಪಟ್ಟಾಭಿಷೇಕಕ್ಕೆ ಕರೆಯಲು ರಾಜನ ಕಡೆಯವರು ಗೌರವದಿಂದಲೇ ಬರುತ್ತಾರೆ, ಇವನು ಅವರ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟುಕೊಳ್ಳುತ್ತಾನೆ. ಹಿಂದಿನ ಬಾಗಿಲು! ಅಮೆರಿಕದಲ್ಲಿ ಕುಳಿತ ಒಬ್ಬ ಹೆಂಗಸಿಗೆ ನಮ್ಮ ಮನೆಯ ಹಿಂದಿನ ಬಾಗಿಲು ಹೇಗೆ ಗೊತ್ತಾಯಿತು? ಅಪ್ಪನಿಗೆ ನಾಚಿಕೆ ಅಂತ ನಾವು ಯಾರೂ ಆಗ ಅಂದುಕೊಂಡಿರಲಿಲ್ಲ, ಸಿಟ್ಟು ಅಂದುಕೊಂಡಿದ್ದೆವು. ಅದು ನಾಚಿಕೆ ಅಂತ ಈ ಪುಸ್ತಕ ಓದಿದ ಮೇಲೆ ನನಗೆ ಅರ್ಥವಾಯಿತು. ಗೆಡ್ ಬೆಟ್ಟಕ್ಕೆ ಹೋಗಿ ಬೇಸಿಗೆಯೆಲ್ಲ ಆಡು ಕಾಯುತ್ತಾನೆ, ಚಿಕ್ಕವನಿದ್ದಾಗ ಮಾಡುತ್ತಿದ್ದ ಅದೇ ಕೆಲಸ. ಚಳಿಗಾಲದಲ್ಲಿ ಟೆನಾರ್‌ಳ ಮನೆಗೆ ಕೆಡುಕರು ನುಗ್ಗಿದಾಗ ಅವನು ಬರುತ್ತಾನೆ, ಕೈಯಲ್ಲಿ ಮಾಂತ್ರಿಕನ ಕೋಲು ಇಲ್ಲ, ಹುಲ್ಲು ಎತ್ತುವ ಕವಲುಗೋಲು. ಆಮೇಲೆ ಇಬ್ಬರೂ ಒಟ್ಟಿಗೆ ಬಾಳುತ್ತಾರೆ. ಅಷ್ಟು ವರ್ಷ ಕಾದು ಇದನ್ನು ಓದುವುದಿದೆಯಲ್ಲ, ಅದನ್ನು ಹೇಗೆ ಹೇಳಲಿ.

ವ್ಯಾಸಪೀಠದ ಮಾತು. ಕುಮಾರವ್ಯಾಸ ಗದಾಪರ್ವಕ್ಕೆ ಭಾರತ ನಿಲ್ಲಿಸಿದ. ಮುಂದಿನದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಅಜ್ಜನೂ ಅಷ್ಟಕ್ಕೇ ಪುಸ್ತಕ ಮುಚ್ಚುತ್ತಿದ್ದರು. ಉಳಿದದ್ದನ್ನು ಹೇಳುತ್ತಿದ್ದವಳು ಅಜ್ಜಿ. ಕೃಷ್ಣ ಹೋದ ಮೇಲೆ ಅರ್ಜುನ ದ್ವಾರಕೆಯ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬರುತ್ತಾನೆ, ದಾರಿಯಲ್ಲಿ ಬರೀ ದೊಣ್ಣೆ ಹಿಡಿದ ಕಳ್ಳರು ಮುತ್ತುತ್ತಾರೆ, ಗಾಂಡೀವಕ್ಕೆ ಹೆದೆ ಏರಿಸುವುದೇ ಕಷ್ಟ, ಅಸ್ತ್ರ ಒಂದೂ ನೆನಪಿಗೆ ಬರುವುದಿಲ್ಲ. ನಾನು ಅಳುತ್ತಿದ್ದೆ, ಇದನ್ನು ಹೇಳಬೇಡ ಅಂತ ಜಗಳ ಮಾಡುತ್ತಿದ್ದೆ. ಇದೂ ಅವನದೇ ಕಥೆ, ಯುದ್ಧ ಗೆದ್ದದ್ದು ಮಾತ್ರ ಅವನದಾ ಅನ್ನುತ್ತಿದ್ದಳು ಅಜ್ಜಿ. ಲೆ ಗ್ವಿನ್ 18 ವರ್ಷ ಬಿಟ್ಟು ಮಾಡಿದ್ದು ಅದನ್ನೇ. ಓದುಗರಿಗೆ ಬೇಕಿದ್ದದ್ದು ಇನ್ನೊಂದು ಗೆಲುವು. ಅವರು ಕೊಟ್ಟದ್ದು ಗೆದ್ದವನ ಉಳಿದ ಬದುಕು. ವೈಜ್ಞಾನಿಕ ಕಥೆ, ಫ್ಯಾಂಟಸಿಗೆ ಕೊಡುವ ನೆಬ್ಯುಲಾ ಪ್ರಶಸ್ತಿ ಬಂತು, ಸಿಟ್ಟಾದ ಓದುಗರೂ ಇದ್ದರು.

ಒಂದು ದೃಶ್ಯ ಹೇಳಿ ಮುಂದೆ ಹೋಗುತ್ತೇನೆ. ಗೆಡ್ ಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ. ಹಡಗಿನಿಂದ ಬಂದ ಟೆನಾರ್‌ಳ ಮಗ ತೊಳೆಯುವುದಿಲ್ಲ, ಹೆಂಗಸರ ಕೆಲಸ ಅನ್ನುತ್ತಾನೆ. ಈ ಅಡುಗೆಮನೆಯಲ್ಲಿ ಉಣ್ಣುವ ಎಲ್ಲರ ಕೆಲಸ ಅಂತಾಳೆ ತಾಯಿ. ಡ್ರ್ಯಾಗನ್ ಜೊತೆ ಮಾತಾಡಿದವನ ಕೈಯಲ್ಲಿ ಎಂಜಲು ತಟ್ಟೆ. ಇದೇ ಸಂಪುಟದಲ್ಲಿ 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೊಟ್ಟ ಭಾಷಣವೂ ಇದೆ, ವೀರರ ಕಥೆ ಅಂದರೆ ಗಂಡಸರ ಕಥೆ ಅಂತ ತಾನೂ ಬರೆದುಕೊಂಡು ಬಂದದ್ದನ್ನು ಲೇಖಕಿ ಅದರಲ್ಲಿ ಒಪ್ಪಿಕೊಳ್ಳುತ್ತಾರೆ. 'ಟೆಹಾನು' ಮುಗಿಸಿದ ತಕ್ಷಣ ಅದನ್ನು ಓದಿ.

ಕೊರತೆ ಇಲ್ಲ ಅಂತಲ್ಲ. 'ಟೆಹಾನು'ದ ಕೆಟ್ಟ ಮಾಂತ್ರಿಕ ಬರೀ ಕೆಟ್ಟವನು, ಅವನಿಗೆ ಒಳಗು ಅಂತ ಒಂದಿಲ್ಲ, ಕೊನೆಯ ಅಧ್ಯಾಯ ಸ್ವಲ್ಪ ಓಡುತ್ತದೆ. ಮೊದಲು ಬಂದಾಗ ಅದಕ್ಕೆ ಅರ್ಥ್‌ಸೀಯ ಕೊನೆಯ ಪುಸ್ತಕ ಅಂತ ಹಾಕಿದ್ದರು, ಆಮೇಲೆ 2001ರಲ್ಲಿ ಇನ್ನೂ ಎರಡು ಬಂದವು, ಒಂದು ಸಣ್ಣಕಥೆಗಳದ್ದು, ಒಂದು ಕಾದಂಬರಿ 'ದಿ ಅದರ್ ವಿಂಡ್'. ಸಣ್ಣಕಥೆಗಳಲ್ಲಿ 'ಡ್ರ್ಯಾಗನ್‌ಫ್ಲೈ' ಬಿಟ್ಟು ಮುಂದೆ ಹೋಗಬೇಡಿ, ಅದು ಓದದೆ ಕೊನೆಯ ಕಾದಂಬರಿ ಪೂರ್ತಿ ಹಿಡಿತಕ್ಕೆ ಸಿಗುವುದಿಲ್ಲ.

ಚಿತ್ರಗಳ ಬಗ್ಗೆ. ಅರ್ಥ್‌ಸೀಯ ಬಹಳಷ್ಟು ಜನ ಕಂದು ಬಣ್ಣದವರು, ಗೆಡ್ ಕೆಂಪು ಬೆರೆತ ಕಂದು. ಎಷ್ಟೋ ಹಳೇ ಮುಖಪುಟಗಳಲ್ಲಿ ಅವನನ್ನು ಬೆಳ್ಳಗೆ ಮಾಡಿಬಿಟ್ಟಿದ್ದರು, ಲೇಖಕಿ ಜೀವನವಿಡೀ ಅದಕ್ಕೆ ಬೇಜಾರು ಮಾಡಿಕೊಂಡಿದ್ದರು. ವೆಸ್ ಲೇಖಕಿಯ ಜೊತೆ ಮಾತಾಡಿಕೊಂಡೇ ವರ್ಷಗಟ್ಟಲೆ ಕೂತು ಬಿಡಿಸಿದ್ದಾರೆ. ಇಲ್ಲಿ ಗೆಡ್ ನಮ್ಮ ಕಡೆಯವನ ಹಾಗೇ ಇದ್ದಾನೆ. 2019ರಲ್ಲಿ ಈ ಚಿತ್ರಗಳಿಗೆ ನೆಬ್ಯುಲಾದಂಥದ್ದೇ ಇನ್ನೊಂದು ದೊಡ್ಡ ಪ್ರಶಸ್ತಿ, ಹ್ಯೂಗೋ ಬಂತು.

ಕಥೆಗಳಲ್ಲಿ ಎಲ್ಲಕ್ಕಿಂತ ಕೊನೆಯದು 'ಫೈರ್‌ಲೈಟ್', ಕೆಲವೇ ಪುಟ. ಲೆ ಗ್ವಿನ್ ತೀರಿಕೊಂಡದ್ದು 2018ರ ಜನವರಿಯಲ್ಲಿ, ಈ ಕಥೆ ಅಚ್ಚಾದದ್ದು ಆಮೇಲೆ. ಗೆಡ್‌ಗೆ ವಯಸ್ಸಾಗಿದೆ, ಮಲಗಿದ್ದಾನೆ, ಒಲೆಯ ಬೆಳಕು ಗೋಡೆ ಮೇಲೆ ಆಡುತ್ತಿದೆ, ಟೆನಾರ್ ಅದೇ ಮನೆಯಲ್ಲಿ ಇದ್ದಾಳೆ. ಅವನ ಮನಸ್ಸು ಹಳೇ ದೋಣಿಗೆ ಹೋಗುತ್ತದೆ. ಹದಿನೇಳರಲ್ಲಿ ನಾನು ಆರಿಸಿಕೊಂಡಿದ್ದ ಆ ಕೊನೆ, ಒಬ್ಬನೇ ದೋಣಿಯಲ್ಲಿ ಸಮುದ್ರಕ್ಕೆ ಹೋಗುವುದು, ಸುಳ್ಳಾಗಿರಲಿಲ್ಲ. ಮಧ್ಯದಲ್ಲಿ ಒಂದು ಮನೆ, ಒಬ್ಬ ಹೆಂಡತಿ, ಒಬ್ಬ ಮಗಳು, ಒಂದಿಷ್ಟು ಆಡು ಇದ್ದವು ಅಷ್ಟೇ.

ಬೆಲೆ ಜಾಸ್ತಿ, ಹೌದು. ಮೊದಲ ಮೂರು ಓದದವರು ತೆಳು ಪ್ರತಿಗಳಿಂದ ಶುರು ಮಾಡಿ. ಓದಿ, ಮುಂದಿನದಕ್ಕೆ ಹೆದರಿ ನಿಲ್ಲಿಸಿದವರು ಇದನ್ನೇ ತರಿಸಿ, ರಟ್ಟಿನ ಡಬ್ಬಿಯಲ್ಲಿ ಕಳಿಸುತ್ತೀರಾ ಅಂತ ಮೊದಲೇ ಕೇಳಿ.

ಅಪ್ಪನಿಗೆ ಈಗ ಇಂಗ್ಲಿಷ್ ಅಕ್ಷರ ಸಣ್ಣದಾಗಿ ಕಾಣುತ್ತದೆ. ಸಂಜೆ ಮಂಡಕ್ಕಿ ತಿನ್ನುತ್ತಾ ವ್ಯಾಸಪೀಠದ ಪಕ್ಕ ಕೂತು ಚಿತ್ರ ನೋಡುತ್ತಾರೆ, ನಾನು ಕಥೆ ಕನ್ನಡದಲ್ಲಿ ಹೇಳುತ್ತೇನೆ. ಮೊನ್ನೆ ಗೆಡ್‌ನ ಶಕ್ತಿ ಹೋದ ಭಾಗಕ್ಕೆ ಬಂದೆವು. ನನಗೆ ಹೇಗೆ ಹೇಳುವುದು ಅಂತ ತೋಚದೆ ಬೇಗ ಬೇಗ ಹೇಳಿದೆ.

"ಮತ್ತೆ ಹೊಟ್ಟೆಪಾಡಿಗೆ ಏನ್ ಮಾಡಿದ?" ಅಂದರು.

"ಆಡು ಕಾಯ್ದ ಅಪ್ಪ."

ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಮಂಡಕ್ಕಿಯಲ್ಲಿ ಸಿಕ್ಕ ಶೇಂಗಾ ಒಂದೊಂದೇ ಆರಿಸಿ ನನ್ನ ಕಡೆ ಸರಿಸಿದರು.

"ಎಷ್ಟಿದ್ವವ್ವಾ ಆಡು?"

ನಾನು ಪುಟ ಹಿಂದಕ್ಕೆ ತಿರುಗಿಸಿ ಹುಡುಕಲು ಶುರು ಮಾಡಿದೆ.