ಸ್ಪಿತಿ ಕಡೆಯ ಗೈಡೆಡ್ ಬೈಕ್ ಟೂರ್: ರಸ್ತೆಗೆ ಫುಲ್ ಮಾರ್ಕ್ಸ್, ಗೊಂಪಾಗೆ ಪಾಸ್ ಮಾರ್ಕ್ಸ್

ಮೊದಲೇ ಹೇಳಿಬಿಡುತ್ತೇನೆ. ರಸ್ತೆಯ ಮಟ್ಟಿಗೆ ಈ ಟೂರ್‌ಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಗೊಂಪಾಗಳ, ಅಂದರೆ ಬೌದ್ಧ ಮಠಗಳ, ಮಟ್ಟಿಗೆ ಮಾತ್ರ ಅರ್ಧ ದುಡ್ಡು ವಾಪಸ್ ಕೇಳೋಣ ಅನ್ನಿಸುತ್ತದೆ. ಜಾಹೀರಾತಿನಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಹಾಕಿರುತ್ತಾರೆ: ಎತ್ತರದ ಕಣಿವೆ, ಸಾವಿರ ವರ್ಷದ ಬೌದ್ಧ ಮಠ, ಕೆಳಗೆ ಒಂದು ಬೈಕ್ ಫೋಟೋ. ಆದರೆ ಇವು ಬೇರೆ ಬೇರೆ ಕೆಲಸ. ಒಂದನ್ನು ಚೆನ್ನಾಗಿ ಮಾಡುವವರಿಗೆ ಇನ್ನೊಂದು ಬರಬೇಕು ಅಂತೇನಿಲ್ಲ.

ಹಿಮಾಚಲದ ಒಂದು ಸಣ್ಣ ಕಂಪನಿಯ ಜೊತೆ ಕೆಲವು ವರ್ಷಗಳಿಂದ ಹೋಗುತ್ತಿದ್ದೇನೆ. ಹೆಚ್ಚಾಗಿ ಅಲ್ಲಿಯದೇ ಸ್ಪಿತಿ ಕಣಿವೆ, ನಡುವೆ ಲಡಾಖ್. ಹೆಸರು ಹಾಕುತ್ತಿಲ್ಲ. ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಈ ವ್ಯಾಪಾರದಲ್ಲಿರುವ ಎಲ್ಲರಿಗೂ ಅನ್ವಯಿಸುತ್ತದೆ.

ಕಂಪನಿ ಒಳ್ಳೆಯದೋ ಅಲ್ಲವೋ ಅಂತ ತಿಳಿಯಲು ನಾನು ಮೊದಲು ನೋಡುವುದು ಬೈಕ್ ಅಲ್ಲ, ಹೋಟೆಲ್ ಅಲ್ಲ. ಯಾವ ಕಡೆಯಿಂದ ಹತ್ತಿಸುತ್ತಾರೆ ಅನ್ನುವುದು. ಸ್ಪಿತಿಗೆ ಎರಡು ದಾರಿ. ಒಂದು ಶಿಮ್ಲಾದಿಂದ ಕಿನ್ನೌರ್ ಮೂಲಕ: ರಾಂಪುರ, ಸಾಂಗ್ಲಾ, ಕಲ್ಪಾ, ನಾಕೋ, ತಾಬೊ, ಆಮೇಲೆ ಸ್ಪಿತಿಯ ಮುಖ್ಯ ಊರು ಕಾಜಾ. ಇದು ಉದ್ದದ ದಾರಿ. ಎತ್ತರ ಮೆಲ್ಲಗೆ ಏರುತ್ತದೆ, ಮೈಗೆ ಒಗ್ಗಿಕೊಳ್ಳಲು ಟೈಮ್ ಸಿಗುತ್ತದೆ. ಇನ್ನೊಂದು ಮನಾಲಿಯಿಂದ ಕುಂಜುಮ್ ಪಾಸ್ ದಾಟಿ. ಮನಾಲಿ ಇರುವುದು ಸುಮಾರು 2,000 ಮೀಟರ್‌ನಲ್ಲಿ, ಕುಂಜುಮ್ 4,500 ದಾಟುತ್ತದೆ. ಒಂದೇ ದಿನದಲ್ಲಿ ಅಷ್ಟು ಹತ್ತಿಸಿ, ರಾತ್ರಿ ಕಾಜಾದಲ್ಲೋ ಚಂದ್ರತಾಲ್ ಸರೋವರದ ಕ್ಯಾಂಪ್‌ನಲ್ಲೋ ಮಲಗಿಸಿದರೆ ಬೆಂಗಳೂರಿನ 900 ಚಿಲ್ಲರೆ ಮೀಟರ್‌ನಲ್ಲಿ ಬದುಕುವ ತಲೆ ನೋಯದೆ ಇರುತ್ತದಾ? ರಜೆ ಉಳಿಯುತ್ತದೆ ಅಂತ ಕೆಲವರು ಇದೇ ದಾರಿ ಮಾರುತ್ತಾರೆ. ನಮ್ಮ ಕಂಪನಿ ಪ್ರತಿ ಸಲವೂ ಶಿಮ್ಲಾದಿಂದ ಹತ್ತಿಸಿ ಮನಾಲಿಗೆ ಇಳಿಸಿದೆ. ಎರಡು ದಿನ ಕಡಿಮೆ ಮಾಡಿ ಅಂತ ಗುಂಪಿನವರು ಗೋಗರೆದರೂ ಒಪ್ಪಿಲ್ಲ. ಈ ಒಂದು ವಿಷಯಕ್ಕೇ ಅವರನ್ನು ಬಿಟ್ಟಿಲ್ಲ.

ಗುಂಪು ಸಾಗುವ ರೀತಿ ಹೀಗಿರುತ್ತದೆ. ಮುಂದೆ ದಾರಿ ತೋರಿಸುವ ಲೀಡ್, ಕೊನೆಯಲ್ಲಿ ಯಾರೂ ಹಿಂದೆ ಉಳಿಯದಂತೆ ನೋಡುವ ಸ್ವೀಪ್, ಅವನ ಹಿಂದೆ ಬ್ಯಾಕಪ್ ಗಾಡಿ. ಅದರಲ್ಲಿ ಮೆಕ್ಯಾನಿಕ್, ಸ್ಪೇರ್ ಪಾರ್ಟ್ಸ್, ಆಕ್ಸಿಜನ್ ಸಿಲಿಂಡರ್, ನಮ್ಮ ಬ್ಯಾಗುಗಳು. ಲೀಡನ್ನು ಯಾರೂ ಓವರ್‌ಟೇಕ್ ಮಾಡುವಂತಿಲ್ಲ. ದಾರಿ ಕವಲೊಡೆಯುವ ಕಡೆ ಹಿಂದಿನವರು ಕಾಣುವ ತನಕ ನಿಂತಿರಬೇಕು. ಹೊಸಬರಿಗೆ ಇದು ಸ್ಕೂಲ್ ಮಕ್ಕಳ ಲೈನ್ ಅನ್ನಿಸುತ್ತದೆ, ಗೊಣಗುತ್ತಾರೆ. ಕಿನ್ನೌರಿನಲ್ಲಿ ಬಂಡೆ ಕೊರೆದು ಮಾಡಿದ ರಸ್ತೆ, ಪಕ್ಕದಲ್ಲಿ ಸಟ್ಲೆಜ್ ಪ್ರಪಾತ, ಎದುರಿಗೆ ಸೇಬಿನ ಲಾರಿ. ಅಲ್ಲಿಗೆ ಬರುವ ಹೊತ್ತಿಗೆ ಗೊಣಗಾಟ ತಾನಾಗಿಯೇ ನಿಲ್ಲುತ್ತದೆ.

ನಿಜವಾದ ಪರೀಕ್ಷೆ ಇಳಿಯುವಾಗ. ಕುಂಜುಮ್ ಇಳಿದ ಮೇಲೆ ಬಾತಲ್‌ನಿಂದ ಗ್ರಾಂಫೂ ಕಡೆಯ ದಾರಿ ಅನೇಕ ಕಡೆ ರಸ್ತೆಯೇ ಅಲ್ಲ, ಉರುಟು ಕಲ್ಲು ಮತ್ತು ನಾಲಾ, ಅಂದರೆ ದಾರಿಗೆ ಅಡ್ಡ ಹರಿಯುವ ತೊರೆ. ಮೇಲಿನ ಹಿಮ ಬಿಸಿಲಿಗೆ ಕರಗಿ ಇಳಿಯುತ್ತದೆ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನಕ್ಕೆ ಮೊಣಕಾಲು ದಾಟಿರುತ್ತದೆ. ಅದಕ್ಕೇ ಚಂದ್ರತಾಲ್ ಕ್ಯಾಂಪ್‌ನಿಂದ ಕತ್ತಲೆ ಇರುವಾಗಲೇ ಎಬ್ಬಿಸುತ್ತಾರೆ. ಬೈಯ್ದುಕೊಂಡೇ ಏಳುತ್ತೇವೆ. ನಾಲಾ ಬಂದಾಗ ಲೀಡ್ ತಾನೇ ಬೂಟು ಸಮೇತ ನೀರಿಗೆ ಇಳಿದು, ನಡೆದು, ಕಲ್ಲು ಎಲ್ಲಿದೆ ಅಂತ ನೋಡಿ ಲೈನ್ ತೋರಿಸುತ್ತಾನೆ. "ಫಸ್ಟ್ ಗೇರ್, ಕ್ಲಚ್ ಮುಟ್ಟಬೇಡಿ, ನೀರು ನೋಡಬೇಡಿ, ಆಚೆ ದಡ ನೋಡಿ ಸರ್" ಅಂತ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುತ್ತಾನೆ. ನಡುವೆ ಇಬ್ಬರು ಹುಡುಗರು ನೀರಲ್ಲೇ ನಿಂತಿರುತ್ತಾರೆ, ಗಾಡಿ ವಾಲಿದರೆ ಹಿಡಿಯಲು. ಅವರಿಗೆ ಅದು ದಿನದ ಕೆಲಸ ಇರಬಹುದು. ಆ ನೀರಿನ ಚಳಿ ಒಮ್ಮೆ ಕಾಲಿಗೆ ತಾಗಿದವರಿಗೆ ಆ ಕೆಲಸದ ಬೆಲೆ ಗೊತ್ತು.

ಬೈಕ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದರ ಬಗ್ಗೆ ಬರೆಯುವವರಿಗೆ ಬರವಿಲ್ಲ. ಮೊದಲು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಕೊಡುತ್ತಿದ್ದರು, ಈಗ 450. 411ರಲ್ಲಿ ಇರುವುದೇ 24 ಬಿಎಚ್‌ಪಿ ಆಸುಪಾಸು. ಕುಂಜುಮ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 60% ಮಾತ್ರ. ಫ್ಯುಯಲ್ ಇಂಜೆಕ್ಷನ್ ಇರುವುದರಿಂದ ಹಳೆಯ ಕಾರ್ಬೊರೇಟರ್ ಗಾಡಿಗಳ ಹಾಗೆ ಕೆಮ್ಮುತ್ತಾ ನಿಲ್ಲುವುದಿಲ್ಲ, ಆದರೆ ಹಿಂದೆ ಒಬ್ಬರು ಕೂತಿದ್ದರೆ ಏರಿನಲ್ಲಿ ಉಸಿರು ಕಟ್ಟುತ್ತದೆ. 450ರಲ್ಲಿ 40ರ ಹತ್ತಿರ ಬಿಎಚ್‌ಪಿ, ಆ ಕಷ್ಟ ಇಲ್ಲ. ಸೀಟ್ ಮಾತ್ರ 411ಗಿಂತ ಎತ್ತರ. ಕುಳ್ಳಗಿರುವವರು ನಾಲಾದಲ್ಲಿ ಕಾಲು ಊರಲು ಒದ್ದಾಡುವುದನ್ನು ನೋಡಿದ್ದೇನೆ. ಬುಕ್ ಮಾಡುವಾಗಲೇ ಕೇಳಿ, 411 ಇನ್ನೂ ಇಟ್ಟುಕೊಂಡಿರುತ್ತಾರೆ.

ಮೆಕ್ಯಾನಿಕ್ ಬಗ್ಗೆ ಒಂದು ಮಾತು. ನಾಕೋ ದಾಟಿದ ಮೇಲೆ ನನ್ನ ಕ್ಲಚ್ ಕೇಬಲ್ ಕಿತ್ತು ಹೋಯಿತು. ಬ್ಯಾಕಪ್ ಗಾಡಿ ಬಂದು, ಹೊಸ ಕೇಬಲ್ ಹಾಕಿ, ನಾನು ಕುಡಿಯುತ್ತಿದ್ದ ಚಹಾ ಮುಗಿಯುವ ಮೊದಲೇ ಗಾಡಿ ಸ್ಟಾರ್ಟ್ ಆಯಿತು. ಒಬ್ಬನೇ ಹೋಗಿದ್ದರೆ ಯಾವುದೋ ಲಾರಿ ಹಿಡಿದು ಕಾಜಾಗೆ ಹೋಗಬೇಕಿತ್ತು. ಕಿನ್ನೌರ್ ಬಿಟ್ಟ ಮೇಲೆ ಪೆಟ್ರೋಲ್ ಬಂಕ್ ಇರುವುದೂ ಕಾಜಾದಲ್ಲೇ. ಅಲ್ಲಿ ಸ್ಟಾಕ್ ಇಲ್ಲದ ದಿನ ಕ್ಯಾನ್ ಸಮೇತ ಬಂದ ಬ್ಯಾಕಪ್ ಗಾಡಿಯೇ ಗತಿ.

ಇನ್ನೊಂದು ಸಲ ನಮ್ಮ ಗುಂಪಿನ ಒಬ್ಬರಿಗೆ ಕಾಜಾದಲ್ಲಿ ರಾತ್ರಿ ಜೋರು ತಲೆನೋವು, ವಾಂತಿ. ಬೆಳಗ್ಗೆ ಆಕ್ಸಿಮೀಟರ್ ನೋಡಿದ ಲೀಡ್, "ಇವತ್ತು ನೀವು ಮೇಲೆ ಬರುವುದಿಲ್ಲ, ಕೆಳಗೆ ಹೋಗುತ್ತೀರಿ" ಅಂದ. ಅವರು ಜಗಳವಾಡಿದರು. ದುಡ್ಡು ಕೊಟ್ಟಿದ್ದೇನೆ ಅಂದರು. ಅವನು ದನಿ ಏರಿಸಲಿಲ್ಲ, ಬಗ್ಗಲೂ ಇಲ್ಲ. ಡಾಕ್ಟರ್‌ಗೆ ತೋರಿಸಿ, ಜೀಪಿನಲ್ಲಿ ತಾಬೊಗೆ ಇಳಿಸಿದರು. ಕೆಲವು ನೂರು ಮೀಟರ್ ಇಳಿದಿದ್ದಕ್ಕೇ ಸಂಜೆಗೆ ಅವರು ಥುಕ್ಪಾ (ನೂಡಲ್ಸ್ ಸೂಪ್) ಕುಡಿಯುತ್ತಾ ಫೋಟೋ ಕಳಿಸಿದರು. ಗೈಡ್ ಅಂದರೆ ನನಗೆ ಇದೇ. ದಾರಿ ಮ್ಯಾಪ್‌ನಲ್ಲೂ ಸಿಗುತ್ತದೆ, ಬೇಡ ಅನ್ನುವವರು ಸಿಗುವುದಿಲ್ಲ.

ಇನ್ನು ಗೊಂಪಾಗಳ ಕಥೆ.

ಮೊದಲ ಸಲ ತಾಬೊದಲ್ಲಿ ಕೊಟ್ಟಿದ್ದು ಅರ್ಧ ಗಂಟೆ. "ಇದು ತುಂಬಾ ಹಳೆಯದು, ಒಳಗೆ ಫೋಟೋ ಇಲ್ಲ, ಚಹಾ ಅಲ್ಲಿ ಸಿಗುತ್ತದೆ." ಬ್ರೀಫಿಂಗ್ ಮುಗಿಯಿತು. ಗುಂಪಿನ ಅರ್ಧ ಜನ ಚಹಾ ಕಡೆಗೇ ಹೋದರು, ಅವರನ್ನು ದೂರಿ ಏನು ಪ್ರಯೋಜನ? ಹೊರಗಿನಿಂದ ನೋಡಿದರೆ ತಾಬೊ ದೊಡ್ಡ ಮಣ್ಣಿನ ಮನೆಗಳ ಹಾಗಿದೆ. ಬೆಟ್ಟದ ತುದಿಯಲ್ಲಿಲ್ಲ, ಸಮತಟ್ಟು ನೆಲದಲ್ಲಿದೆ, ಫೋಟೋಗೆ ಬೀಳುವಂಥದ್ದಲ್ಲ. ಆದರೆ ಇದು ಕ್ರಿ.ಶ. 996ರಲ್ಲಿ ಕಟ್ಟಿದ್ದು. ಪಶ್ಚಿಮ ಟಿಬೆಟ್‌ನ ಗೂಗೆ ರಾಜ್ಯದ ದೊರೆ ಯೆಶೆ ಓ ಕಟ್ಟಿಸಿದ್ದು, ಸಂಸ್ಕೃತ ಗ್ರಂಥಗಳನ್ನು ಟಿಬೆಟನ್‌ಗೆ ತಂದ ರಿನ್‌ಚೆನ್ ಜಾಂಗ್‌ಪೊ ಹೆಸರು ಇದಕ್ಕೆ ಅಂಟಿಕೊಂಡಿದೆ. ಒಳಗಿನ ದೊಡ್ಡ ಹಜಾರದಲ್ಲಿ ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಗೋಡೆಯ ಸುತ್ತ ಮಣ್ಣಿನ ಮೂರ್ತಿಗಳು ಒಂದೊಂದಾಗಿ ಕಾಣುತ್ತವೆ. ಗೋಡೆಯಿಂದ ಹೊರಬಂದು ಗಾಳಿಯಲ್ಲಿ ಕೂತ ಹಾಗೆ ಇವೆ. ನಡುವೆ ನಾಲ್ಕು ದಿಕ್ಕಿಗೂ ಮುಖ ಮಾಡಿದ ವೈರೋಚನ ಬುದ್ಧ. ಅಂದರೆ ನೀವು ನಿಂತಿರುವುದು ಬುದ್ಧಲೋಕದ ನಕ್ಷೆಯಾದ ಒಂದು ಮಂಡಲದ ಒಳಗೆ. ಇದನ್ನು ಒಬ್ಬರು ಒಂದೇ ಒಂದು ಸಾಲಿನಲ್ಲಿ ಹೇಳಿದ್ದರೆ ಚಹಾ ಕುಡಿಯುತ್ತಿದ್ದವರೂ ಒಳಗೆ ಬರುತ್ತಿದ್ದರು. ಇಡೀ ಟೂರಿನಲ್ಲಿ ಇದಕ್ಕಿಂತ ದೊಡ್ಡ ವಸ್ತು ಇನ್ನೊಂದಿಲ್ಲ, ಕುಂಜುಮ್ ಸೇರಿಸಿಯೇ ಹೇಳುತ್ತಿದ್ದೇನೆ.

ನಾವು ಕೆಲವರು ಬರೆದು ದೂರು ಕೊಟ್ಟೆವು. ಅವರು ಕೇಳಿಸಿಕೊಂಡರು, ಅದನ್ನೂ ಹೇಳಬೇಕು. ಆಮೇಲಿನ ಸೀಸನ್‌ನಿಂದ ತಾಬೊದಲ್ಲಿ ರಾತ್ರಿ ಉಳಿಸುತ್ತಾರೆ. ಬೆಳಗಿನ ಪ್ರಾರ್ಥನೆಗೆ ಕೂರಬಹುದು. ಅದು ನಡೆಯುವುದು ಹೊಸ ಕಟ್ಟಡದಲ್ಲಿ. 1975ರ ಕಿನ್ನೌರ್ ಭೂಕಂಪದಲ್ಲಿ ಹಳೆಯದು ಪೆಟ್ಟು ತಿಂದ ಮೇಲೆ ಕಟ್ಟಿದ್ದು. ಧಂಕರ್‌ನಲ್ಲಿ ಮಾತ್ರ ಇನ್ನೂ ಅದೇ ಹಳೆಯ ಕಥೆ: ಸ್ಪಿತಿ ಮತ್ತು ಪಿನ್ ನದಿ ಸೇರುವ ವ್ಯೂ ಪಾಯಿಂಟ್ ತೋರಿಸಿ ಹೊರಡಿಸುತ್ತಾರೆ. ಕರಗುತ್ತಿರುವ ಮಣ್ಣಿನ ಕಂಬಗಳ ಮೇಲೆ ನಿಂತ ಆ ಮಠ ಒಂದು ಕಾಲದಲ್ಲಿ ಸ್ಪಿತಿಯ ರಾಜಧಾನಿಯಾಗಿದ್ದ ಊರಿನದ್ದು. 2006ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅಪಾಯದಲ್ಲಿರುವ 100 ತಾಣಗಳ ಪಟ್ಟಿಗೆ ಸೇರಿಸಿತ್ತು. ಎತ್ತರಕ್ಕೇ ಹೆಸರಾದ ಹಿಕ್ಕಿಮ್ ಪೋಸ್ಟ್ ಆಫೀಸ್‌ನಲ್ಲಿ ಕಾರ್ಡ್ ಬರೆಯಲು ಒಂದು ಗಂಟೆ ಕೊಡುವವರು ಇದಕ್ಕೆ ಯಾಕೆ ಕೊಡುವುದಿಲ್ಲವೋ!

ಕೀ ಮಠದಲ್ಲಿ ನಡೆದದ್ದು ಕಂಪನಿಯ ಲೆಕ್ಕಕ್ಕೆ ಬರುವುದಿಲ್ಲ. ಅಡುಗೆಮನೆಯಲ್ಲಿ ಚಹಾ ಕೊಡುತ್ತಿದ್ದ ಒಬ್ಬ ಯುವ ಭಿಕ್ಷು ನಮ್ಮ ಮಾತು ಕೇಳಿ, "ಬೆಂಗಳೂರಾ? ಊಟ ಆಯ್ತಾ?" ಅಂದ. ಓದಿದ್ದು ಬೈಲಕುಪ್ಪೆಯ ಸೆರಾ ಮಠದಲ್ಲಂತೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬೈಲಕುಪ್ಪೆ, ಮುಂಡಗೋಡಿನ ದೊಡ್ಡ ಮಠಗಳಿಗೆ ಹಿಮಾಲಯದ ಹುಡುಗರು ಓದಲು ಬರುತ್ತಲೇ ಇರುತ್ತಾರೆ. ಆದರೂ 4,000 ಮೀಟರ್ ಮೇಲೆ ಒಬ್ಬರು ಕುಶಾಲನಗರದ ಬಸ್ ರಶ್ ಬಗ್ಗೆ, ಜೋಳದ ಹೊಲದ ಬಗ್ಗೆ ಕನ್ನಡದಲ್ಲಿ ಮಾತಾಡಿದರೆ ಖುಷಿ ಆಗದೆ ಇರುತ್ತದಾ? ಅವನೇ ಒಳಗೆ ಕರೆದುಕೊಂಡು ಹೋಗಿ ಥಂಕಾಗಳನ್ನು, ಅಂದರೆ ಬಟ್ಟೆಯ ಮೇಲೆ ಬರೆದ ಬೌದ್ಧ ಚಿತ್ರಗಳನ್ನು, ತೋರಿಸಿದ. ಇಲ್ಲಿಯ ಮುಖ್ಯ ಲಾಮಾ ರಿನ್‌ಚೆನ್ ಜಾಂಗ್‌ಪೊನ ಪುನರವತಾರ ಅನ್ನುವ ನಂಬಿಕೆಯನ್ನು ಹೇಳಿದ. ಹಿಂದಿನ ದಿನ ತಾಬೊದಲ್ಲಿ ಕೇಳಿದ ಹೆಸರಿಗೂ ಇಲ್ಲಿಗೂ ಇರುವ ನಂಟು ನಮಗೆ ಗೊತ್ತಾಗಿದ್ದು ಆಗಲೇ. ನಮ್ಮ ಲೀಡ್ ಆ ಹೊತ್ತಿಗೆ ಹೊರಗೆ ಚೈನ್‌ಗೆ ಎಣ್ಣೆ ಬಿಡುತ್ತಿದ್ದ. ಅವನ ಕೆಲಸ ಅದೇ, ಸರಿ. ಹಾಗಾದರೆ ಮಠ ಗೊತ್ತಿರುವ ಸ್ಥಳೀಯರೊಬ್ಬರನ್ನು ಕಾಜಾದಿಂದ ಎರಡು ದಿನಕ್ಕೆ ಜೊತೆಗೆ ಹಾಕಿಕೊಳ್ಳಿ ಅಂತ ಹೇಳುತ್ತಲೇ ಇದ್ದೇನೆ. ಖರ್ಚು ಜಾಸ್ತಿ ಅನ್ನುತ್ತಾರೆ.

ನಡತೆಯ ವಿಷಯದಲ್ಲೂ ಸಡಿಲ. ಮಣಿ ಗೋಡೆ (ಮಂತ್ರ ಕೆತ್ತಿದ ಕಲ್ಲುಗಳ ಸಾಲು), ಚೋರ್ಟೆನ್ (ಸ್ತೂಪ) ಬಲಗಡೆಗೆ ಬರುವಂತೆ ಸುತ್ತಬೇಕು ಅಂತ ಹೇಳುತ್ತಾರೆ, ಒಳ್ಳೆಯದು. ಆದರೆ ಮಠದ ಅಂಗಳದಲ್ಲಿ ಸೈಲೆನ್ಸರ್ ಗುಡುಗಿಸುವವರನ್ನು ತಡೆಯುವುದಿಲ್ಲ. ಹ್ಯಾಂಡಲ್‌ಗೆ ಪ್ರಾರ್ಥನಾ ಬಾವುಟ ಕಟ್ಟಿ ಕೊಡುವುದು ಕಂಪನಿಯವರೇ. ಮಂತ್ರ ಬರೆದ ಬಟ್ಟೆ ಮಡ್‌ಗಾರ್ಡ್‌ಗೆ ಉಜ್ಜಿ, ಕೆಸರಾಗಿ, ಹರಿದು ರಸ್ತೆಗೆ ಬೀಳುತ್ತದೆ. ನಾನು ಬಿಚ್ಚಿ ವಾಪಸ್ ಕೊಡುತ್ತೇನೆ.

ದುಡ್ಡಿನ ತಕರಾರುಗಳೂ ಇವೆ. ಡ್ಯಾಮೇಜ್ ಡೆಪಾಸಿಟ್ ಅಂತ ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ಮನಾಲಿಯಲ್ಲಿ ರಾತ್ರಿ ಟಾರ್ಚ್ ಹಿಡಿದು ಗಾಡಿ ಪರೀಕ್ಷೆ ಮಾಡಿ, ಹಳೆಯ ಗೀರಿಗೂ ಹಣ ಹಿಡಿಯಲು ನೋಡಿದರು. ಹೊರಡುವಾಗ ಸುತ್ತಲೂ ವಿಡಿಯೊ ತೆಗೆದಿಟ್ಟಿದ್ದೆ, ತೋರಿಸಿದ ಮೇಲೆ ಪೂರ್ತಿ ವಾಪಸ್ ಬಂತು. ಕ್ಲಚ್ ಪ್ಲೇಟ್ ಸವೆದರೆ ಯಾರ ಲೆಕ್ಕ ಅನ್ನುವುದನ್ನು ಬರೆಸಿಕೊಳ್ಳಿ, ಜಗಳ ಶುರುವಾಗುವುದೇ ಅಲ್ಲಿ. ಇಬ್ಬರಿಗೊಂದು ಟೆಂಟ್ ಅಂದಿದ್ದು ಚಂದ್ರತಾಲ್‌ನಲ್ಲಿ ನಾಲ್ವರಿಗೊಂದು ಆಗಿದ್ದೂ ಉಂಟು. ಲಡಾಖ್ ಟೂರಿನಲ್ಲಿ ಬೇರೆ ಸಮಸ್ಯೆ. ಹೊರಗಿನ ಬಾಡಿಗೆ ಬೈಕ್‌ಗಳಲ್ಲಿ ಲೇಹ್‌ನಿಂದ ಮುಂದೆ ನುಬ್ರಾ, ಪ್ಯಾಂಗಾಂಗ್ ಸುತ್ತಲು ಅಲ್ಲಿಯ ಬಾಡಿಗೆಯವರ ಸಂಘ ಬಿಡುವುದಿಲ್ಲ. ಹಾಗಾಗಿ ಲೇಹ್‌ನಲ್ಲಿ ಗಾಡಿ ಬದಲಾಗುತ್ತದೆ. ನನಗೆ ಸಿಕ್ಕ ಎರಡನೇ ಗಾಡಿಯ ಟೈರ್ ನುಣ್ಣಗೆ ಬೋಳಾಗಿತ್ತು. ಹಟ ಹಿಡಿದು ಬದಲಾಯಿಸಿಕೊಂಡೆ, ಅರ್ಧ ದಿನ ಹೋಯಿತು.

ಎಲ್ಲರಿಗೂ ಗೈಡೆಡ್ ಟೂರ್ ಬೇಕಾ? ಇಲ್ಲ. ನಾವು ಭಾರತೀಯರಿಗೆ ಕಿನ್ನೌರ್-ಸ್ಪಿತಿ ದಾರಿಗೆ ಇನ್ನರ್ ಲೈನ್ ಪರ್ಮಿಟ್ ಬೇಡ, ಅದು ವಿದೇಶಿಯರಿಗೆ. ಘಾಟಿಯಲ್ಲಿ ಓಡಿಸಿ ಅಭ್ಯಾಸ ಇರುವ ಇಬ್ಬರು ಮೂವರು ಗೆಳೆಯರು ಸೆಪ್ಟೆಂಬರ್‌ನಲ್ಲಿ ಶಿಮ್ಲಾದಿಂದ ಕಾಜಾಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುವುದಾದರೆ ಆರಾಮಾಗಿ ಹೋಗಬಹುದು. ತಾಬೊದಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಕುಂಜುಮ್ ದಾಟಿ ಇಳಿಯುವ ಆಸೆ ಇದ್ದು ನಾಲಾ ದಾಟಿ ಗೊತ್ತಿಲ್ಲದಿದ್ದರೆ ಮಾತ್ರ ದುಡ್ಡು ಕೊಡಿ, ಲೀಡ್ ಹೇಳಿದ್ದು ಕೇಳಿ. ಜುಲೈ, ಆಗಸ್ಟ್ ಬೇಡ. ಸ್ಪಿತಿಯಲ್ಲಿ ಮಳೆ ಕಡಿಮೆ ನಿಜ, ಆದರೆ ಅಲ್ಲಿಗೆ ಹೋಗುವ ಎರಡೂ ದಾರಿಗಳಲ್ಲಿ ಗುಡ್ಡ ಕುಸಿಯುತ್ತದೆ.

ಈ ಸಲ ಅವರು ಲಡಾಖ್‌ನ ಝನ್ಸ್ಕಾರ್ ಟೂರ್ ಹಾಕಿದ್ದಾರೆ. ದಾರ್ಚಾದಿಂದ 5,000 ಮೀಟರ್ ದಾಟುವ ಶಿಂಕು ಲಾ ಮೇಲೆ ಪದುಮ್‌ಗೆ. ಪಟ್ಟಿಯಲ್ಲಿ ಫುಗ್ತಾಲ್ ಇದೆ. ಬಂಡೆಯ ಗುಹೆಯ ಸುತ್ತ ಕಟ್ಟಿದ ಮಠ ಅದು, ಕೊನೆಯ ಹಾದಿ ನಡೆದೇ ಹೋಗಬೇಕು. ಅಂದರೆ ಬೈಕ್ ಕಂಪನಿಗೆ ಅಲ್ಲಿ ಏನೂ ಕೆಲಸವಿಲ್ಲ. ಅಲ್ಲಿ ಪೂರ್ತಿ ಒಂದು ದಿನ ಕೊಡುತ್ತೇವೆ ಅಂತ ಬರೆದು ಕೊಡಿ, ಜೊತೆಗೆ ಯಾರು ಬರುತ್ತಾರೆ ಹೇಳಿ ಅಂತ ಮೆಸೇಜ್ ಹಾಕಿದ್ದೇನೆ. ಉತ್ತರವಾಗಿ ಹೊಸ 450ಗಳ ಫೋಟೋ ಬಂದಿದೆ. ಅಡ್ವಾನ್ಸ್ ಇನ್ನೂ ಕಟ್ಟಿಲ್ಲ.