ಉಕ್ಕಿನ ಗೇರ್ ಸೈಕಲ್: 3 ವರ್ಷ, 9,400 ಕಿ.ಮೀ. ಆದಮೇಲೆ

ಕೊಳ್ಳಲು ಹೋದಾಗ ಅಂಗಡಿಯವರು ಕೇಳಿದ ಮೊದಲ ಮಾತು, "ಮಗನಿಗೇನ್ರಿ ಅಕ್ಕೋರ?" ನನಗೇ ಬೇಕಿತ್ತು. ಹೆಣ್ಣುಮಕ್ಕಳಿಗೆ 18 ತುಂಬುವ ಮುಂಚೆ ಮದುವೆ ಮಾಡಬೇಡಿ, ಹೈಸ್ಕೂಲ್ ಬಿಡಿಸಬೇಡಿ ಎಂದು ಊರೂರಿಗೆ ಹೋಗಿ ಮಾತಾಡುತ್ತೇನೆ. ಮಧ್ಯಪ್ರದೇಶದ ಆಶಾ ಮಾಲವೀಯ ಮಹಿಳಾ ಸುರಕ್ಷತೆಯ ಮಾತು ಹೊತ್ತು 2022ರಲ್ಲಿ ಒಬ್ಬರೇ ಸೈಕಲ್ ಮೇಲೆ ದೇಶ ಸುತ್ತಲು ಹೊರಟ ಸುದ್ದಿ ಓದಿದ ಮೇಲೆ, ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ಕೂರಲು ಮನಸ್ಸಾಗಲಿಲ್ಲ.

ನನ್ನದು ಉಕ್ಕಿನ ಫ್ರೇಮ್, 21 ಗೇರ್, 700×38 ಟೈರ್. ಎತ್ತಿದರೆ 15 ಕೆ.ಜಿ. ಮೇಲೆಯೇ. ಅಲ್ಯುಮಿನಿಯಂ ತಗೊಳ್ಳಿ, ಹಗುರ ಎಂದು ಎಲ್ಲರೂ ಹೇಳಿದರು. ತಗೊಳ್ಳದೇ ಇದ್ದದ್ದು ಒಳ್ಳೆಯದಾಯಿತು. ಶಹಾಪುರದ ಹತ್ತಿರ ಕ್ಯಾರಿಯರ್ ಬೋಲ್ಟ್ ಹಾಕುವ ಜಾಗ ಬಿರುಕುಬಿಟ್ಟಾಗ, ಟ್ರ್ಯಾಕ್ಟರ್ ಟ್ರಾಲಿ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲೇ ಕೆಲಸ ಮುಗಿಯಿತು. ಅಲ್ಯುಮಿನಿಯಂ ಆಗಿದ್ದರೆ ಸೈಕಲ್ಲನ್ನು ಟಂಟಂನಲ್ಲಿ ಹಾಕಿಕೊಂಡು ಕಲಬುರಗಿಗೆ ವಾಪಸ್ ಬರಬೇಕಿತ್ತು.

ಈ ಸೈಕಲ್ಲಿನ ದೊಡ್ಡ ದೋಷ ಹಿಂದಿನ ಚಕ್ರ. ಹುಮನಾಬಾದ್ ಮೇಲಿಂದ ಬೀದರಿಗೆ ಹೊರಟ ದಿನ, ಕಮಲಾಪುರ ದಾಟಿದ ಸ್ವಲ್ಪ ಹೊತ್ತಿಗೆ ಟಣ್ ಅಂತ ಒಂದು ಕಡ್ಡಿ ಹೋಯಿತು, ಆಮೇಲೆ ಇನ್ನೊಂದು. ಎರಡೂ ಚೈನಿನ ಕಡೆಯವು. ಆ ಬದಿ ಫ್ರೀವೀಲ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರಗಳ ಗುಂಪು, ಜಾಗ ಹಿಡಿಯುವುದರಿಂದ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಲ್ಲುತ್ತವೆ, ಬಿಗಿಯೂ ಅಲ್ಲೇ ಜಾಸ್ತಿ. ಮೇಲೆ ನನ್ನ 12 ಕೆ.ಜಿ. ಚೀಲ. ಕಡ್ಡಿ ಬದಲಿಸಲು ಮೊದಲು ಫ್ರೀವೀಲ್ ಬಿಚ್ಚಬೇಕು, ಅದಕ್ಕೆ ಬೇರೆಯೇ ಒಂದು ಹತಿಯಾರ ಬೇಕು. ಅದು ದಾರಿಯಲ್ಲಿ ಯಾರ ಬಳಿಯೂ ಇರಲಿಲ್ಲ. ಓಲಾಡುವ ಚಕ್ರದಲ್ಲೇ ಬೀದರ್ ಮುಟ್ಟಿದೆ. ಕೊಂಡ ಅಂಗಡಿಗೆ ಫೋನ್ ಮಾಡಿದರೆ, ಕ್ಯಾರಿಯರ್ ಹಾಕಿಸಿದ್ದೀರಿ, ವಾರಂಟಿ ಬರಲ್ಲ ಎಂದರು. ಆ ಮಾತು ಕೊಳ್ಳುವ ದಿನವೇ ಹೇಳಿದ್ದರೆ ಚೆನ್ನಾಗಿತ್ತು. ಬೀದರಿನ ಹಳೆಯ ಮಿಸ್ತ್ರಿಯೊಬ್ಬರು ಇಡೀ ಚಕ್ರ ಬಿಚ್ಚಿ, ದಪ್ಪ ಕಡ್ಡಿ ಹಾಕಿ, ಒಂದೊಂದನ್ನೂ ಬೆರಳಲ್ಲಿ ಮೀಟಿ ನಾದ ಕೇಳುತ್ತ ಬಿಗಿ ಮಾಡಿದರು. ಆಮೇಲೆ 6,000 ಕಿ.ಮೀ. ಓಡಿದೆ, ಒಂದು ಕಡ್ಡಿಯೂ ಮುರಿದಿಲ್ಲ.

ಟೈರಿನ ವಿಷಯದಲ್ಲಿ ಎಚ್ಚರ. ನಮ್ಮ ತಾಲೂಕಿನ ಅಂಗಡಿಗಳಲ್ಲಿ ತೂಗುಬಿಟ್ಟಿರುವುದು ಹಾಲಿನವರ ಕರಿ ಸೈಕಲ್ಲಿನ 28×1½ ಟೈರ್. ನೋಡಲು ಒಂದೇ ಥರ, ಆದರೆ ಅದು ಕೂರುವ ರಿಮ್ಮಿನ ಅಳತೆ 635 ಮಿ.ಮೀ., ನಮ್ಮ 700ರದ್ದು 622. ಹಾಕಿದರೆ ಸಡಿಲಾಗಿ ಜಾರುತ್ತದೆ. ಸೇಡಂನಲ್ಲಿ ಇದು ತಿಳಿಯದೆ ಒಂದು ದಿನ ಕಳೆದುಕೊಂಡೆ. ಈಗ ಮಡಚುವ ಟೈರ್ ಒಂದು ಯಾವಾಗಲೂ ಚೀಲದಲ್ಲಿರುತ್ತದೆ. ಟ್ಯೂಬಿನ ವಾಲ್ವ್ ಮಾತ್ರ ಮೋಟರ್ ಸೈಕಲ್ಲಿನ ಥರದ್ದು, ಹಾಗಾಗಿ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ಸಿಗುತ್ತದೆ. ಜಾಲಿ ಮುಳ್ಳಿನ ನಮ್ಮ ಸೀಮೆಯಲ್ಲಿ ಇದು ಸಣ್ಣ ಅನುಕೂಲವಲ್ಲ.

ಕಂಪನಿಯ ಸೀಟು ಮೆತ್ತಗೆ, ಕಿರಿದು, 40 ಕಿ.ಮೀ.ಗೆ ಜೋಮು ಹಿಡಿಯುತ್ತಿತ್ತು. ಹಿಂದೆ ಅಗಲವಿರುವ ಗಟ್ಟಿ ಸೀಟು ಹಾಕಿಸಿದೆ. ಹೆಣ್ಣುಮಕ್ಕಳು ಇದನ್ನು ಮೊದಲೇ ಮಾಡಿಸಿಕೊಳ್ಳಿ. ದುಪಟ್ಟಾ ಮನೆಯಲ್ಲೇ ಬಿಡಿ, ಚೈನ್ ಕವರ್ ಇಲ್ಲ. ಎರೆ ನೆಲದ ಹಾದಿಯಲ್ಲಿ ಮಳೆ ಬಂದರೆ ಇಳಿದು ತಳ್ಳುವುದೇ ದಾರಿ, ಮಡ್‌ಗಾರ್ಡ್ ಸಂದಿಯಲ್ಲಿ ಮಣ್ಣು ಮೆತ್ತಿ ಚಕ್ರವೇ ತಿರುಗದು. ಬೇಸಿಗೆಯಲ್ಲಿ ನಸುಕಿನ ನಾಲ್ಕೂವರೆಗೆ ಹೊರಟು ಹತ್ತರೊಳಗೆ ನೆರಳು ಸೇರುತ್ತೇನೆ, 4 ಲೀಟರ್ ನೀರು, ರೊಟ್ಟಿ, ಶೇಂಗಾ ಚಟ್ನಿ.

ಇನ್ನು ಯಾವ ಜಾಹೀರಾತಿನಲ್ಲೂ ಇಲ್ಲದ ಗುಣ ಒಂದಿದೆ. ಜೀಪಿನಲ್ಲಿ ಹೋದರೆ ಆಫೀಸಿನವರು ಬಂದರೆಂದು ಹೆಂಗಸರು ಒಳಗೆ ಹೋಗುತ್ತಾರೆ. ಸೈಕಲ್ ನಿಲ್ಲಿಸಿದರೆ "ಒಬ್ಬಾಕಿನೇ ಬಂದೀರೇನ್ರಿ?" ಎಂದು ನೀರು ತಂದು ಕೊಡುತ್ತಾರೆ. ಸುರಪುರದ ಕಡೆಯ ಊರೊಂದರಲ್ಲಿ ತಾಯಿಯೊಬ್ಬರು ಗೇರ್ ಮುಟ್ಟಿ ನೋಡುತ್ತ, "ನಮಗ ಎಂಟನೇತ್ತೆದಾಗ ಸರ್ಕಾರದ ಸೈಕಲ್ ಕೊಟ್ಟಿದ್ರು ರೀ. ಅದು ಇತ್ತಂತ ನಾ ಮೆಟ್ರಿಕ್ ಮುಗಿಸೀನಿ" ಎಂದರು. 2006-07ರಲ್ಲಿ ಶುರುವಾದ ಯೋಜನೆಯದು. ಅವರ ಮಗಳು ನನ್ನ ಸೈಕಲ್ ಹತ್ತಿ ಗುಡಿ ಸುತ್ತ ಎರಡು ಸುತ್ತು ಹೊಡೆದಳು. ಇಳಿದವಳು ಹಿಂದಿನ ಮಡ್‌ಗಾರ್ಡಿನ ಮೇಲೆ ನಾನು ಬರೆಸಿದ ಮಕ್ಕಳ ಸಹಾಯವಾಣಿ 1098 ಅನ್ನು ಕೈಮೇಲೆ ಪೆನ್ನಿನಿಂದ ಬರೆದುಕೊಂಡಳು. ಯಾರಿಗಾಗಿ ಎಂದು ನಾನು ಕೇಳಲಿಲ್ಲ. ಸಂಜೆಯವರೆಗೂ ಅದೇ ತಲೆಯಲ್ಲಿತ್ತು.

ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ಆ ಚಕ್ರಕ್ಕೆ. ಕೊಳ್ಳುವವರು ಮೊದಲ ವಾರವೇ ಒಳ್ಳೆಯ ಮಿಸ್ತ್ರಿಯಿಂದ ಹಿಂದಿನ ಚಕ್ರ ಕಟ್ಟಿಸಿ, ಫ್ರೀವೀಲ್ ಬಿಚ್ಚುವ ಹತಿಯಾರ ನೀವೇ ಇಟ್ಟುಕೊಳ್ಳಿ. ನನ್ನದು ಸದ್ಯ ಹೊಸ ಚೈನ್ ಹಾಕಿಸಿಕೊಂಡು ಬಾಗಿಲಲ್ಲಿ ನಿಂತಿದೆ. ತೊಗರಿ ರಾಶಿ ಮುಗಿದ ಮೇಲೆ ಔರಾದ್ ಕಡೆಗೆ.